ಸಲೇರಾ ಶಿಖರಕ್ಕೆ ಇನ್ನೂರು ಮೀಟರ್

ಬಾಲ್ಸರ್ ಮಾವನ ಶ್ವಾಸಕೋಶ ಬೇಸಿಗೆ ದಾಟುವುದು ಕಷ್ಟ ಎಂದು ಡಾಕ್ಟರು ಮಾರ್ಚ್ ತಿಂಗಳಲ್ಲಿ ಹೇಳಿದರು. ಮಾವ ಆಸ್ಪತ್ರೆಯಿಂದ ಸೀದಾ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತರು.

"ಮೆಂಜಿಯಾ, ಸಲೇರಾಗೆ ಇನ್ನೊಂದು ಸಲ ಕರ್ಕೊಂಡು ಹೋಗೇ. ಬೇರೆ ಗೈಡುಗಳ ಕೈಲಿ ಮುದುಕ ಅನ್ನಿಸಿಕೊಳ್ಳೋಕೆ ನಂಗಿಷ್ಟ ಇಲ್ಲ."

"ನಾನೂ ಅನ್ನಬಹುದು, ಮಾವ."

"ನೀನಂದ್ರೆ ತಡ್ಕೋತೀನಿ."

ನಾನು ಅವರ ತಂಗಿಯ ಮಗಳು. ಐದನೇ ವಯಸ್ಸಿಗೆ ನನ್ನನ್ನು ಸ್ಕೀ ಮೇಲೆ ನಿಲ್ಲಿಸಿದವರು, ಪರ್ವತದ ಗೈಡ್ ಪರೀಕ್ಷೆಗೆ ತಯಾರು ಮಾಡಿದವರು ಅವರೇ. ಹಿಮಕುಸಿತದಲ್ಲಿ ಹೂತುಹೋದವರನ್ನು ಅಗೆದು ತೆಗೆಯುವ ನಮ್ಮ ಕಣಿವೆಯ ತಂಡಕ್ಕೆ ಇಪ್ಪತ್ತಮೂರು ವರ್ಷ ಮುಖ್ಯಸ್ಥರಾಗಿದ್ದವರು.

ಏಪ್ರಿಲ್ ಮೊದಲ ವಾರ ಬೆಳಿಗ್ಗೆ ಆರಕ್ಕೆ ಮೇಲಿನ ಗುಡಿಸಲಿನಿಂದ ಹೊರಟೆವು. ಹಿಂದಕ್ಕೆ ಜಾರದಂತೆ ಸ್ಕೀಗಳ ಅಡಿಗೆ ಪಟ್ಟಿ ಅಂಟಿಸಿಕೊಂಡು ನಿಧಾನವಾಗಿ ಹತ್ತಿದೆವು. ಇಪ್ಪತ್ತು ಹೆಜ್ಜೆಗೊಮ್ಮೆ ಮಾವ ಕೋಲುಗಳ ಮೇಲೆ ಬಾಗಿ ನಿಲ್ಲುತ್ತಿದ್ದರು. ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ರಾತ್ರಿಯ ಗಾಳಿ ಹಿಮವನ್ನೆಲ್ಲ ಶಿಖರದ ಕೊನೆಯ ಇಳಿಜಾರಿಗೆ ತಂದು ಸುರಿದಿತ್ತು. ಅದರ ಬುಡ ತಲುಪುವಾಗ ಹನ್ನೊಂದಾಯಿತು. ತುದಿಗೆ ಇನ್ನೂರು ಮೀಟರ್ ಬಾಕಿ. ಆಗ ಕಾಲಡಿಯಲ್ಲಿ ಹಿಮ ಧುಮ್ಮೆಂದು ಕುಸಿದು ಕೂತಿತು. ಮೇಲಿನ ಇಡೀ ಇಳಿಜಾರು ಜಾರಿ ಬರಬಹುದೆಂಬ ಎಚ್ಚರಿಕೆ ಆ ಸದ್ದು.

"ಇಲ್ಲಿಂದ ವಾಪಸ್ಸು" ಎಂದೆ.

"ನಲವತ್ತು ಸಲ ದಾಟಿದೀನಿ ಇದನ್ನ."

"ಈ ಸದ್ದು ಕೇಳಿಸಿಕೊಂಡು ದಾಟಿದೀರಾ?"

ಅವರು ಕೋಲುಗಳ ಮೇಲೆ ಬಾಗಿದರು. ಸ್ವಲ್ಪ ಉಸಿರು ತಿರುಗಿದ ಮೇಲೆ, "ನೀನು ಇಲ್ಲೇ ನಿಂತ್ಕೋ. ನಾನೊಬ್ಬನೇ ಹೋಗ್ತೀನಿ. ಹೂತ್ಕೊಂಡ್ರೆ ಏನಂತೆ, ಹೇಗೂ ಹೋಗೋನು" ಎಂದರು.

"ಅಗೆಯೋಕೆ ಬರೋರು ಇದೇ ಇಳಿಜಾರಿನ ಕೆಳಗೆ ನಿಂತು ಅಗೀಬೇಕು, ಮಾವ. ಅವರಿಗೆ ಮಕ್ಕಳಿದಾರೆ."

ಅವರು ತಂಡದವರಿಗೆ ಹೇಳುತ್ತಿದ್ದ ಮಾತನ್ನೇ ಅವರಿಗೆ ತಿರುಗಿಸಿ ಹೇಳಿದ್ದೆ. ಮಾವ ತುದಿಯನ್ನೊಮ್ಮೆ ನೋಡಿ, ಬಗ್ಗಿ, ಪಟ್ಟಿ ಕೀಳತೊಡಗಿದರು. ಬೆರಳು ಮರಗಟ್ಟಿ ಆಗಲಿಲ್ಲ. ನಾನೇ ಕಿತ್ತುಕೊಟ್ಟೆ.

ಇಳಿಯುವಾಗ ಎರಡು ಸಲ ಬಿದ್ದರು. ಅದುವರೆಗೆ ಕಣಿವೆಯಲ್ಲಿ ಅವರು ಬಿದ್ದದ್ದನ್ನು ಕಂಡವರೇ ಇರಲಿಲ್ಲ. ನಾನು ಬೇರೆ ಕಡೆ ನೋಡುತ್ತಾ ಕಾದೆ.

ದಾರಿಯಲ್ಲಿ ಇಬ್ಬರು ಅಪರಿಚಿತರು ಎದುರಾದರು. ಸದ್ದಿನ ವಿಷಯ ಹೇಳಿದೆ. ತಲೆಯಾಡಿಸಿ ಮೇಲೆ ಹೋದರು. ನಾವು ಗುಡಿಸಲಿನ ಕಟ್ಟೆಯ ಮೇಲೆ ಕೂತು ಬಾರ್ಲಿ ಸೂಪು ಕುಡಿಯುವಾಗ ಅವರು ತುದಿಯಿಂದ ಇಳಿದರು. ಅದೇ ಇಳಿಜಾರಿನಲ್ಲಿ, ಒಬ್ಬರ ಹಿಂದೊಬ್ಬರು, ಗೆರೆ ಬರೆದ ಹಾಗೆ. ಏನೂ ಆಗಲಿಲ್ಲ.

"ಸ್ಕೀ ಚೆನ್ನಾಗಿ ತಿರುಗಿಸ್ತಾರೆ" ಎಂದರು ಮಾವ. ಸೂಪು ಅರ್ಧಕ್ಕೇ ಬಿಟ್ಟರು.

ಮುಂದಿನ ಎರಡು ವಾರ ನಾನು ದಿನಾ ದುರ್ಬೀನು ಹಿಡಿದು ಆ ಇಳಿಜಾರನ್ನು ನೋಡಿದೆ. ನನ್ನ ಮಾತು ನಿಜವಾಗುವಂತೆ ಅಲ್ಲಿನ ಹಿಮ ಜಾರಿಬಿಡಲಿ ಎಂದು ಆಸೆಪಟ್ಟೆ. ಹಾಗೆ ಆಸೆಪಡುವುದು ನನ್ನ ಕೆಲಸದವರಿಗೆ ನಾಚಿಕೆಗೇಡು. ಅದು ಜಾರಲಿಲ್ಲ. ಇನ್ನೂ ಎಷ್ಟೋ ಜನ ಅಲ್ಲಿ ಇಳಿದರು.

ಜುಲೈನಲ್ಲಿ, ನಮ್ಮ ಕಡೆಯ ಬೇಸಿಗೆಯ ನಡುವೆ, ಮಾವನ ಮೂಗಿಗೆ ಆಮ್ಲಜನಕದ ಕೊಳವೆ ಬಂದಿತ್ತು. ಅತ್ತೆ ಹುಲ್ಲು ಒಣಗಿಸಲು ಹೊರಗೆ ಹೋದಾಗ ಕೇಳಿಯೇಬಿಟ್ಟೆ.

"ಅವತ್ತು ನಾನು ಮಾಡಿದ್ದು ತಪ್ಪಾ, ಮಾವ?"

"ತಪ್ಪಲ್ಲ. ನಾನಾಗಿದ್ರೂ ನಿನ್ನನ್ನ ವಾಪಸ್ಸು ಕರ್ಕೊಂಡು ಬರ್ತಿದ್ದೆ." ಕೊಳವೆ ಸರಿಮಾಡಿಕೊಂಡರು. "ಆದ್ರೂ ಹೋಗಬೇಕಿತ್ತು ಕಣೇ" ಎಂದರು.

ಆಮೇಲೆ ಆ ಮಾತು ನಮ್ಮ ನಡುವೆ ಬರಲಿಲ್ಲ. ಒಂಬತ್ತು ದಿನಕ್ಕೆ ತೀರಿಕೊಂಡರು. ಶವಪೆಟ್ಟಿಗೆ ಹೊತ್ತ ಆರು ಜನರಲ್ಲಿ ನಾನೂ ಒಬ್ಬಳು. ಪೆಟ್ಟಿಗೆ ಇಷ್ಟು ಹಗುರ ಇರುತ್ತದೆಂದು ನಾನು ಎಣಿಸಿರಲಿಲ್ಲ.