ಗುಣಪಾಲನ ಜಪಾನ್ ಭಕ್ತಿ

ಜಪಾನಿನಲ್ಲಿ ಒಟ್ಟು ಒಂಬತ್ತೇ ದಿನ ಇದ್ದು ಬಂದ ಗುಣಪಾಲ ಆ ದೇಶವನ್ನು ಅರೆದು ಕುಡಿದವನ ಹಾಗೆ ಮಾತಾಡುವುದನ್ನು ಕೇಳಿ ಕೇಳಿ ಅವನ ಹೆಂಡತಿ ಚಂದ್ರಮತಿಗೆ ಸಾಕುಸಾಕಾಗಿತ್ತು. ದುಬೈಯ ಅಲ್ ಖುಸೈಸಿನ ಎರಡು ಕೋಣೆಯ ಆ ಫ್ಲ್ಯಾಟಿನಲ್ಲಿ ಈಗ ಚಪ್ಪಲಿಗಳೆಲ್ಲ ಬಾಗಿಲಿಗೆ ಮುಖ ಮಾಡಿ ಸಾಲಾಗಿ ನಿಲ್ಲಬೇಕು. ಉಣ್ಣುವ ಮೊದಲು ಕೈ ಜೋಡಿಸಿ ತಲೆ ಬಾಗಿಸಬೇಕು. ಬೆಳಿಗ್ಗೆ ಚಹಾದ ಬದಲು ಹಸಿರು ಪುಡಿ ಕದಡಿದ ನೀರು, ಅದನ್ನೂ ಬಟ್ಟಲು ತಿರುಗಿಸಿ, ಎರಡೂ ಕೈಯಲ್ಲಿ ಹಿಡಿದೇ ಕುಡಿಯಬೇಕು. ಹದಿನಾಲ್ಕು ವರ್ಷದ ಮಗಳು ತೃಷಾ ಮೊದಲ ದಿನವೇ "ಪಪ್ಪಾ, ಇಟ್ ಟೇಸ್ಟ್ಸ್ ಲೈಕ್ ಗ್ರಾಸ್" ಎಂದು ಸಿಂಕಿಗೆ ಚೆಲ್ಲಿ ಬಚಾವಾದಳು. ಚಂದ್ರಮತಿ ಮೂಗು ಮುಚ್ಚಿಕೊಂಡು ಕುಡಿದಳು. ಕುಡಿಯದಿದ್ದರೆ ಅದರ ಚರಿತ್ರೆ ಕೇಳಬೇಕಿತ್ತು.

ಆ ಚರಿತ್ರೆಗೆ ಈಗ ವೇದಿಕೆಯೂ ಸಿಕ್ಕಿತ್ತು. ದುಬೈಯ ಕರಾವಳಿ ಬಳಗದವರು ತಿಂಗಳಿಗೊಮ್ಮೆ ದೇರಾದ ಹೋಟೆಲೊಂದರ ಹಾಲಿನಲ್ಲಿ ಸೇರುತ್ತಿದ್ದರು. ಬಳಗದ ಕಾರ್ಯದರ್ಶಿ ಪಾಯ್ಸ್ ಬಡಪಾಯಿ, ಪ್ರತಿ ತಿಂಗಳೂ ಒಬ್ಬ ಭಾಷಣಕಾರನನ್ನು ಹುಡುಕಿ ತರಬೇಕು. ಹಿಂದಿನ ತಿಂಗಳು ಮಂಡಿನೋವಿನ ಬಗ್ಗೆ ಆಗಿತ್ತು. ಈ ಸಲ ಅವನ ಬಲೆಗೆ ಗುಣಪಾಲ ತಾನಾಗಿಯೇ ಬಂದು ಬಿದ್ದ. ವಿಷಯ: ಜಪಾನಿನ ದೇಗುಲಗಳಿಂದ ನಾವು ಕಲಿಯಬೇಕಾದದ್ದು. ಜೆಬೆಲ್ ಅಲಿಯ ಗೋದಾಮಿನಲ್ಲಿ ಮ್ಯಾನೇಜರನಾಗಿರುವ ಮನುಷ್ಯ ವಾರವಿಡೀ ಕನ್ನಡಿಯ ಮುಂದೆ ನಿಂತು ಬಗ್ಗುವುದನ್ನು ಅಭ್ಯಾಸ ಮಾಡಿದ.

ಚಂದ್ರಮತಿಗೆ ಜಪಾನಿನ ಮೇಲೆ ಸಿಟ್ಟಿರಲಿಲ್ಲ. ಅಲ್ಲಿನ ಮರಗಳು ಚಂದ, ಜನ ಒಳ್ಳೆಯವರು, ದೇವಸ್ಥಾನದ ಅಂಗಳದಲ್ಲಿ ಒಂದು ಕಾಗದದ ಚೂರೂ ಕಾಣುವುದಿಲ್ಲ. ಸಿಟ್ಟು ಇದ್ದದ್ದು ಗಂಡನ ಮೇಲೆ, ಅದಕ್ಕೆ ನಾಲ್ಕು ವರ್ಷದ ಕಾರಣವಿತ್ತು.

ನಾಲ್ಕು ವರ್ಷದ ಹಿಂದೆ ಗುಣಪಾಲ ಗೋದಾಮಿನಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಆಸ್ಪತ್ರೆಯಲ್ಲಿ ಎದೆ ತೆರೆದು ಆಪರೇಷನ್ ಮಾಡಿದರು. ಎರಡು ದಿನ ಡಾಕ್ಟರು ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಚಂದ್ರಮತಿ ತನ್ನ ತಾಯಿಯ ಕುಟುಂಬದ ದೈವಕ್ಕೆ ಹರಕೆ ಹೇಳಿಕೊಂಡಳು. ಇವರನ್ನು ಉಳಿಸಿಕೊಡಿ, ನೇಮದ ದಿನ ಕರೆದುಕೊಂಡು ಬಂದು ನಿಮ್ಮ ಎದುರು ನಿಲ್ಲಿಸುತ್ತೇನೆ ಎಂದು. ನೇಮವೆಂದರೆ ವರ್ಷಕ್ಕೊಮ್ಮೆ ದೈವ ಪಾತ್ರಿಯ ಮೈಮೇಲೆ ಬಂದು, ಕುಟುಂಬದವರನ್ನು ಒಬ್ಬೊಬ್ಬರನ್ನಾಗಿ ಎದುರಿಗೆ ಕರೆದು ಮಾತಾಡಿಸಿ ಪ್ರಸಾದ ಕೊಡುವ ದಿನ. ಹರಕೆ ಹೂವಿನದೋ ಎಣ್ಣೆಯದೋ ಆಗಿದ್ದರೆ ಅವಳು ಯಾರ ಕೈಯಲ್ಲಾದರೂ ಕಳಿಸಿಬಿಡುತ್ತಿದ್ದಳು. ಇದು ಮನುಷ್ಯನದೇ ಹರಕೆ, ಅವನೇ ಹೋಗಿ ನಿಲ್ಲಬೇಕು.

ಅವನು ನಿಲ್ಲಲಿಲ್ಲ. ಮೊದಲ ವರ್ಷ ಡಾಕ್ಟರು ಬಿಡುವುದಿಲ್ಲ ಎಂದ. ಎರಡನೆಯ ವರ್ಷ ಗೋದಾಮಿನಲ್ಲಿ ಆಡಿಟ್. ಮೂರನೆಯ ವರ್ಷ ಧೈರ್ಯ ಬಂದು, "ನನ್ನನ್ನು ಉಳಿಸಿದ್ದು ಸರ್ಜನ್, ಭೂತ ಅಲ್ಲ. ಈ ಮೂಢನಂಬಿಕೆ ಎಲ್ಲ ಇನ್ನು ಬೇಡ" ಎಂದ. ನಾಲ್ಕನೆಯ ವರ್ಷ, ಸರಿಯಾಗಿ ನೇಮದ ವಾರಕ್ಕೇ, ಮನೆಮಂದಿಗೆಲ್ಲ ಜಪಾನಿನ ಟಿಕೆಟ್ ತಂದು ಮೇಜಿನ ಮೇಲಿಟ್ಟ. ಅವನು ಎರಡು ಮಹಡಿ ಹತ್ತಿ ಏದುಸಿರು ಬಿಟ್ಟರೆ ಸಾಕು, ಚಂದ್ರಮತಿ ಮಾಡುತ್ತಿದ್ದ ಕೆಲಸ ಬಿಟ್ಟು ಓಡಿ ಬರುತ್ತಿದ್ದಳು. ಕೊಟ್ಟವರು ಹಿಂದಕ್ಕೆ ಕೇಳಿದರೆ ಏನು ಮಾಡುವುದು ಎಂಬ ಹೆದರಿಕೆ ಅವಳನ್ನು ಒಂದು ದಿನವೂ ಬಿಟ್ಟಿರಲಿಲ್ಲ.

ಮೂಢನಂಬಿಕೆಯ ಆ ಕಡುವೈರಿ ಕ್ಯೋಟೋದಲ್ಲಿ ಏನೇನು ಮಾಡಿದ ಎಂಬುದನ್ನು ಅವಳು ಕಣ್ಣಾರೆ ಕಂಡಿದ್ದಳು. ದೇಗುಲದ ಕೆಂಪು ಕಮಾನಿನ ಕೆಳಗೆ ಬಗ್ಗಿದ. ಅಲ್ಲಿ ಕಾವಲಿಗಿಟ್ಟ ಕಲ್ಲಿನ ನರಿಗೆ ಬಗ್ಗಿದ. ಟಿಕೆಟ್ ಹರಿಯುವ ಹುಡುಗಿಗೂ ಬಗ್ಗಿದ. ಆರೋಗ್ಯಕ್ಕೆ ಒಳ್ಳೆಯದೆಂದು ರೇಷ್ಮೆ ಚೀಲದ ತಾಯಿತವೊಂದನ್ನು ಕೊಂಡು ಪರ್ಸಿನಲ್ಲಿಟ್ಟುಕೊಂಡ. ಅಲ್ಲಿ ಒಳಗೆ ಹೋಗುವ ಮೊದಲು ಬಿದಿರಿನ ಸೌಟಿನಲ್ಲಿ ನೀರು ತೆಗೆದು ಕೈಗೆ ಹನಿಸಿಕೊಂಡು, ಅಂಗೈಯಿಂದ ಬಾಯಿ ಮುಕ್ಕಳಿಸಿ ಕೆಳಗೆ ಉಗುಳುವ ಕ್ರಮ. ಗುಣಪಾಲ ಏನು ಮಾಡಿದ? ನೀರನ್ನು ಬಲ ಅಂಗೈಗೆ ಸುರಿದುಕೊಂಡು, ಸೊರ್ರನೆ ಹೀರಿ ನುಂಗಿ, ಒದ್ದೆ ಕೈಯನ್ನು ನೆತ್ತಿಗೆ ಒರೆಸಿಕೊಂಡ. ಅಷ್ಟಕ್ಕೇ ನಿಲ್ಲಿಸದೆ ಕೈಯೊಡ್ಡಿ ಇನ್ನೊಂದು ಸಲ ತೀರ್ಥ ಹಾಕಿಕೊಂಡ. ಪಕ್ಕದಲ್ಲಿದ್ದ ಜಪಾನೀ ಅಜ್ಜಿ ಅಂಥದ್ದನ್ನು ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ಪಾಪ, ನಗಲಿಲ್ಲ.

ಶನಿವಾರ ಸಂಜೆ ದೇರಾದ ಹಾಲಿನಲ್ಲಿ ಎಂಬತ್ತು ಜನ ಸೇರಿದ್ದರು. ಅರ್ಧಕ್ಕರ್ಧ ಜನ ಆಮೇಲಿನ ಊಟಕ್ಕೆ ಬಂದವರು. ಪರದೆಯ ಮೇಲೆ ಮೊದಲು ಬಂದದ್ದು ಅದೇ ನೀರಿನ ತೊಟ್ಟಿ. "ಎಡಗೈ, ಬಲಗೈ, ಬಾಯಿ. ನುಂಗಬಾರದು," ಎಂದು ಗುಣಪಾಲ ಮೈಕಿನಲ್ಲಿ ಪಾಠ ಹೇಳಿದ. "ನಮ್ಮವರು ಅಲ್ಲಿ ಹೋದ್ರೂ ತೀರ್ಥದ ಹಾಗೆ ಕುಡೀತಾರೆ. ಏನು ಹೇಳುವುದು ಹೇಳಿ." ಜನ ನಕ್ಕರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಚಂದ್ರಮತಿ ಅವನ ಮುಖವನ್ನೇ ನೋಡಿದಳು. ಆ ಮುಖದಲ್ಲಿ ನಾಚಿಕೆಯ ಒಂದು ಗೆರೆಯೂ ಇರಲಿಲ್ಲ.

"ಇಪ್ಪತ್ತು ವರ್ಷಕ್ಕೊಮ್ಮೆ ಇಡೀ ದೇವಸ್ಥಾನವನ್ನೇ ಹೊಸದಾಗಿ ಕಟ್ತಾರೆ. ಸಾವಿರ ವರ್ಷದ ಕ್ರಮ, ಅದೇ ಅಳತೆ. ನಮ್ಮಲ್ಲಿ ಯಾರಿಗುಂಟು ಈ ಶ್ರದ್ಧೆ? ಹಿರಿಯರ ಜಾಗಕ್ಕೆ ವರ್ಷಕ್ಕೊಮ್ಮೆ ಹೋಗ್ಲಿಕ್ಕೆ ನಮಗೆ ಪುರ್ಸೊತ್ತಿಲ್ಲ," ಎಂದ ಗುಣಪಾಲ. ಚಪ್ಪಾಳೆ ಬಿತ್ತು. ಎದ್ದು ಹೋಗಿ ಅವನ ಬಾಯಿಗೆ ಆ ಹಸಿರು ಪುಡಿಯ ಡಬ್ಬವನ್ನೇ ಸುರಿದುಬಿಡೋಣ ಎನ್ನಿಸಿತು ಚಂದ್ರಮತಿಗೆ.

ಆಗ ಪರದೆಯ ಮೇಲೆ ಮರದ ಹಲಗೆಗಳ ಚಿತ್ರ ಬಂತು. ಅಂಗೈಯಗಲದ ಹಲಗೆಯ ಮೇಲೆ ಭಕ್ತರು ಕೋರಿಕೆ ಬರೆದು ಚೌಕಟ್ಟಿಗೆ ತೂಗುಹಾಕಿ ಹೋಗುತ್ತಾರೆ. ನೂರಾರು ಹಲಗೆ, ಒತ್ತೊತ್ತಾಗಿ. "ನೋಡಿ, ಎಷ್ಟು ಚಂದದ ಅಕ್ಷರ. ಒಂದೊಂದೂ ಒಂದೊಂದು ಜಪಾನೀ ಹೃದಯ," ಎಂದ ಗುಣಪಾಲ.

ಚಂದ್ರಮತಿಗೆ ಆ ಚೌಕಟ್ಟಿನ ಗುರುತು ಸಿಕ್ಕಿತು. ಆ ದಿನ ಅವನು ಸೆಲ್ಫಿಯ ಗದ್ದಲದಲ್ಲಿದ್ದಾಗ ಅವಳೂ ಒಂದು ಹಲಗೆ ಬರೆದು ತೂಗುಹಾಕಿದ್ದಳು. ದೇವರು ಯಾವ ದೇಶದವರಾದರೇನು, ಅವರವರಲ್ಲಿ ಒಂದು ಮಾತುಕತೆ ಇರುತ್ತದೆ, ತಲುಪಬೇಕಾದವರಿಗೆ ತಲುಪಿಸುತ್ತಾರೆ ಎಂದು ಅವಳ ಲೆಕ್ಕ. ಅದೇ ಚೌಕಟ್ಟಿನ ಫೋಟೋವನ್ನು ಗಂಡ ಆಮೇಲೆ ತೆಗೆದಿದ್ದ. ತೆಗೆದವನು ಅದನ್ನು ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ.

"ಒಂದು ನಿಮಿಷ ಮಾರಾಯ್ರೆ, ನಡುವೆ ಕನ್ನಡ ಉಂಟಲ್ಲ," ಎಂದು ಪಾಯ್ಸ್ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಹೋದ. ತಡೆಯುವವರು ಯಾರೂ ಇರಲಿಲ್ಲ. ಅವನು ಗಟ್ಟಿಯಾಗಿ ಓದಿದ: "ನಮ್ಮ ದೈವಕ್ಕೆ. ಇವರನ್ನು ತಂದು ನಿಲ್ಲಿಸುತ್ತೇನೆ ಎಂದು ಹೇಳಿ ನಾಲ್ಕು ವರ್ಷ ಆಯಿತು. ಕೋಪ ಮಾಡಬೇಡಿ. ಈ ಸಲ ಇವರಿಗೆ ರಜೆ ಸಿಕ್ಕಿದ್ದು ನಿಮ್ಮಲ್ಲಿಗೆ ಬರಲಿಕ್ಕಲ್ಲ, ಇಲ್ಲಿಗೆ. ಚಂದ್ರಮತಿ."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಗುಣಪಾಲನ ಮುಖ ಒಂದು ಕ್ಷಣ ಸಪ್ಪೆಯಾಯಿತು, ಅಷ್ಟೆ. ಆಮೇಲೆ ಮೈಕನ್ನು ಇನ್ನೂ ಹತ್ತಿರ ಹಿಡಿದು, "ಇದು ನಾನೇ ಬರೆಸಿದ್ದು. ನಮ್ಮ ಪರಂಪರೆಯೂ ಅಲ್ಲಿ ಇರಲಿ ಅಂತ," ಎಂದ. ಇನ್ನೊಂದು ಚಪ್ಪಾಳೆ ಬಿತ್ತು. ಇಂಥ ಗಂಡಸಿನ ಪ್ರಾಣಕ್ಕೋಸ್ಕರ ಎರಡು ದಿನ ನೀರು ಸಹ ಮುಟ್ಟದೆ ಕುಳಿತಿದ್ದೆನಲ್ಲ ಎಂದು ಚಂದ್ರಮತಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಊಟ ಮಾಡದೆ ಹೊರಟರು. ಕಾರಿನಲ್ಲಿ ಹಿಂದೆ ಕುಳಿತಿದ್ದ ತೃಷಾ, "ಪಪ್ಪಾ, ಯು ಲೈಡ್. ಆನ್ ದ ಮೈಕ್," ಎಂದು ಕಿಟಕಿಯ ಕಡೆ ತಿರುಗಿಕೊಂಡಳು. ಅಲ್ ಇತ್ತಿಹಾದ್ ರಸ್ತೆಯಲ್ಲಿ ವಾಹನಗಳು ಆಮೆಯ ಹಾಗೆ ತೆವಳುತ್ತಿದ್ದವು. ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನ ಕಡೆಗೆ ಹೋಗುವ ಕಂಪನಿ ಬಸ್ಸೊಂದು ಪಕ್ಕಕ್ಕೆ ಬಂದು ನಿಂತಿತು. ಕಿಟಕಿಗೆ ತಲೆ ಒರಗಿಸಿ ಕೆಲಸದವರು ನಿದ್ದೆ ಮಾಡುತ್ತಿದ್ದರು.

"ನಿಮಗೆ ನಂಬಿಕೆ ಇಲ್ಲ ಅಂತ ಇಷ್ಟು ವರ್ಷ ಸುಮ್ಮನಿದ್ದೆ," ಎಂದಳು ಚಂದ್ರಮತಿ. "ನಂಬಿಕೆ ಇಲ್ಲದವರು ನರಿಗೆ ಅಡ್ಡ ಬೀಳ್ತಾರಾ? ನನ್ನ ದೈವದ ಎದುರು ಐದು ನಿಮಿಷ ನಿಲ್ಲಲಿಕ್ಕೆ ನಿಮಗೆ ಎಂತ ಆಗ್ತದೆ?"

ಗುಣಪಾಲ ಎ.ಸಿ. ಕಡಿಮೆ ಮಾಡಿದ. ಮೈಕಿನ ದನಿ ಎಲ್ಲೋ ಹೋಗಿತ್ತು. "ಅಲ್ಲಿ ಅಂಗಿ ತೆಗೀಬೇಕಲ್ಲ ಚಂದ್ರಾ," ಎಂದ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ದೈವದ ಎದುರು ಗಂಡಸರು ಬರಿಮೈಯಲ್ಲಿ ನಿಲ್ಲಬೇಕು, ಅದು ಕ್ರಮ. ಅದರಲ್ಲಿ ಹೊಸತೇನಿದೆ?

"ಎದೆಯ ಗೆರೆ ಕಾಣ್ತದೆ," ಎಂದ ಅವನು. "ಊರಿನಲ್ಲಿ ಎಲ್ಲರಿಗೆ ನಾನು ಹೇಳಿದ್ದು ಪಿತ್ತಕೋಶದ ಕಲ್ಲು ಅಂತ. ಕಬಡ್ಡಿ ಆಡಿದ ಗುಣಪಾಲ ನಾನು. ಅಲ್ಲಿ ಇನ್ನೂರು ಜನ ನಿಂತು, ಪಾಪ ಅಂತ ನೋಡುವುದು ನನ್ನಿಂದ ಆಗುವುದಿಲ್ಲ. ಜಪಾನಿನಲ್ಲಿ ಕೋಟ್ ಹಾಕಿಯೇ ಬಗ್ಗಬಹುದು. ಯಾರೂ ಎಂತದೂ ಕೇಳುವುದಿಲ್ಲ."

ನಾಲ್ಕು ವರ್ಷದ ಆಡಿಟ್ಟು, ಮೂಢನಂಬಿಕೆ, ಸರ್ಜನ್ನು, ಪರಂಪರೆ ಎಲ್ಲದರ ತಳದಲ್ಲಿ ಇದ್ದದ್ದು ಒಂದು ಅಂಗಿ. ಚಂದ್ರಮತಿಗೆ ಅಯ್ಯೋ ಎನ್ನಿಸಿತು, ಅದರ ಬೆನ್ನಿಗೇ ಮೈಯೆಲ್ಲ ಉರಿಯಿತು.

"ಆ ಗಾಯಕ್ಕೆ ಮೂರು ತಿಂಗಳು ಔಷಧ ಹಚ್ಚಿದ್ದು ಯಾರು?" ಎಂದಳು. "ಇನ್ನೂರು ಜನಕ್ಕೆ ತೋರಿಸ್ಲಿಕ್ಕೆ ನಾನು ಹೇಳಲಿಲ್ಲ. ನಾನು ದೈವಕ್ಕೆ ಹೇಳಿದ್ದೇ ಅದನ್ನು ತೋರಿಸ್ತೇನೆ ಅಂತ. ನೋಡಿ, ಎದೆ ಸೀಳಿದ್ರು, ಆದರೂ ಬಂದು ನಿಂತಿದ್ದಾರೆ, ನೀವು ಕೊಟ್ಟದ್ದು ಇದೇ ಜೀವ ಅಂತ. ಅಂಗಿ ಹಾಕಿದ ಮ್ಯಾನೇಜರನ್ನು ಕರಕೊಂಡು ಹೋಗಿ ನಿಲ್ಲಿಸಿದರೆ ದೈವಕ್ಕೆ ಗುರ್ತ ಸಿಗುವುದು ಹೇಗೆ?"

ಮುಂದಿನ ಕಾರುಗಳು ಸರಿದವು. ಹಿಂದಿನವರು ಹಾರ್ನ್ ಹೊಡೆದರು. "ಪಪ್ಪಾ, ಗೋ," ಎಂದಳು ತೃಷಾ. ಅವಳ ದನಿ ಈಗ ಮೆತ್ತಗಿತ್ತು. ಗುಣಪಾಲ ಗಾಡಿ ಮುಂದೆ ಬಿಟ್ಟ. ಖುಸೈಸಿನ ತಿರುವಿನಲ್ಲಿ ಇಂಡಿಕೇಟರ್ ಹಾಕಿದ.

"ಬರುವ ವರ್ಷ ನೇಮ ಎಷ್ಟು ತಾರೀಕಿಗೆ?" ಎಂದು ಕೇಳಿದ.

ನಾಲ್ಕು ವರ್ಷದಲ್ಲಿ ಅವನು ತಾನಾಗಿ ಆ ಮಾತು ಕೇಳಿದ್ದು ಇದೇ ಮೊದಲು. ಚಂದ್ರಮತಿ ಕಣ್ಣು ಒರೆಸಿಕೊಂಡು ತಾರೀಕು ಹೇಳಿದಳು. ಹೇಳಿ, "ರಜೆಯ ಅರ್ಜಿ ನಾನೇ ಬರೀತೇನೆ," ಎಂದಳು. "ನೀವು ಬರೆದರೆ ಅದರಲ್ಲಿಯೂ ಜಪಾನ್ ಬರ್ತದೆ."