ಜನವರಿಯವರೆಗೆ

ಪತ್ರವನ್ನು ಮೂರನೇ ಸಲ ಓದಿದ ಮೇಲೂ ಶಾಂತಕುಮಾರಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಾಫಿ ಗಿಡ ಕೊರೆಯುವ ಬೋರರ್ ಹುಳದ ಮೇಲೆ ಮೂರು ವರ್ಷ ದುಡಿದು ಬರೆದ ಅವಳ ಮೊದಲ ಲೇಖನವನ್ನು ವಿದೇಶದ ಸಂಶೋಧನಾ ಪತ್ರಿಕೆಯೊಂದು ಒಪ್ಪಿಕೊಂಡಿತ್ತು. ಅಚ್ಚಾಗುವುದು ಜನವರಿಯಲ್ಲಿ. ಅದಕ್ಕೆ ಮೊದಲು ಫಲಿತಾಂಶ ಸಭೆಯಲ್ಲಾಗಲಿ ಸುದ್ದಿಪತ್ರಿಕೆಯಲ್ಲಾಗಲಿ ಹೊರಬಿದ್ದರೆ ಲೇಖನವನ್ನು ಕೈಬಿಡುತ್ತೇವೆ ಎಂದು ಕೊನೆಯಲ್ಲಿ ಬರೆದಿದ್ದರು. ಅದು ತೊಂಬತ್ತೆಂಟರ ಸೆಪ್ಟೆಂಬರ್.

ಮರುದಿನ ಜೀಪು ಹತ್ತಿ ಅತ್ತಿಗುಂಡಿಗೆ ಹೋದಳು. ಪ್ರಯೋಗಕ್ಕೆಂದು ಮೂರೆಕರೆ ತೋಟ ಬಿಟ್ಟುಕೊಟ್ಟಿದ್ದ ತುಂಗಮ್ಮ ಒಣಗಿದ ಗಿಡಗಳನ್ನು ಕೀಳಿಸಿ ಸುಡಿಸುತ್ತಿದ್ದರು.

"ಇನ್ನೂರು ಗಿಡ ಹೋಯ್ತು ಮೇಡಂ. ನಿಮಗೆ ಎಂತ ಗೊತ್ತಾಯ್ತು, ಹೇಳಿ."

"ಜನವರೀಲಿ ಅಚ್ಚಾಗ್ತದೆ ತುಂಗಮ್ಮ. ಅಲ್ಲಿವರೆಗೆ ಹೇಳೋ ಹಾಗಿಲ್ಲ."

"ಹುಳ ಜನವರಿವರೆಗೆ ಕಾಯ್ತದಾ? ನೀವು ಸೀಳಿ ನೋಡಿದ್ದು ನನ್ನ ಗಿಡಾನೇ ಅಲ್ವಾ?"

ಶಾಂತಕುಮಾರಿ ಜೀಪಿನವರೆಗೆ ಹೋದವಳು ತಿರುಗಿ ಬಂದಳು. "ಎಲ್ಲರೂ ಅಕ್ಟೋಬರ್ ಕೊನೆಗೆ ಕಾಂಡಕ್ಕೆ ಸುಣ್ಣ ಬಳೀತೀರಿ. ಹುಳ ಆ ತಿಂಗಳ ಮೊದಲ ವಾರವೇ ಮೊಟ್ಟೆ ಇಟ್ಟಿರ್ತದೆ. ಈ ತಿಂಗಳಲ್ಲೇ ಕಾಂಡ ಉಜ್ಜಿ ಬಳೀರಿ. ನಿಮ್ಮಲ್ಲೇ ಇರ್ಲಿ."

"ನಾನೊಬ್ಳು ಬಳಿದು ಎಂತ ಪ್ರಯೋಜನ? ಪಕ್ಕದ ತೋಟದಿಂದ ಹಾರಿ ಬರಲ್ವಾ?"

ಮೂರು ದಿನ ಊಟ ರುಚಿಸಲಿಲ್ಲ. ನಾಲ್ಕನೆಯ ದಿನ ಮೂಡಿಗೆರೆಯ ಬೆಳೆಗಾರರ ಸಭೆಯಲ್ಲಿ ಯಾರೂ ಕರೆಯದೆ ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟಳು. ಊರಿನ ಪತ್ರಿಕೆ ಅವಳ ಹೆಸರು ಹಾಕಿಯೇ ಸುದ್ದಿ ಮಾಡಿತು. ಆ ತುಣುಕನ್ನು ಕತ್ತರಿಸಿ, ನಡೆದದ್ದನ್ನು ಬರೆದು, ತಾನೇ ವಿದೇಶಕ್ಕೆ ಅಂಚೆಗೆ ಹಾಕಿದಳು.

"ನೀನೇ ಯಾಕೆ ಕಳಿಸ್ದೆ ಮಾರಾಯ್ತಿ? ಅವರಿಗೆ ಇಲ್ಲಿನ ಪೇಪರ್ ಸಿಗ್ತಿತ್ತಾ?" ಅವಳ ಸಂಶೋಧನಾ ಕೇಂದ್ರದ ಹಿರಿಯ ವಿಜ್ಞಾನಿ ಓಂಕಾರಮೂರ್ತಿ ತಲೆ ಚಚ್ಚಿಕೊಂಡರು.

"ಮುಚ್ಚಿಟ್ಕೊಂಡು ಕೂರಕ್ಕಾಗಲ್ಲ ಸರ್."

ನವೆಂಬರಿನಲ್ಲಿ ಎರಡು ಸಾಲಿನ ಉತ್ತರ ಬಂತು. ಲೇಖನ ಕೈಬಿಡಲಾಗಿದೆ. ಆ ವರ್ಷದ ಬಡ್ತಿಯ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಬೇರೆ ಪತ್ರಿಕೆಗೆ ಕಳಿಸೋಣವೆಂದು ಹಾಳೆಗಳನ್ನು ತೆಗೆಯುವಳು, ಮತ್ತೆ ಒಳಗಿಡುವಳು.

ಮುಂದಿನ ಸೆಪ್ಟೆಂಬರಿನಲ್ಲಿ ಹೊರನಾಡಿನ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಒಳಗೆ ಕೂರಲಾರದೆ ಇಳಿದವಳು ರಸ್ತೆ ಬದಿಯ ತೋಟಕ್ಕೆ ಕಾಲಿಟ್ಟಳು. ಗುರುತೇ ಇಲ್ಲದ ಹೆಂಗಸೊಬ್ಬಳು ತೆಂಗಿನ ನಾರಿನಿಂದ ಕಾಂಡ ಉಜ್ಜಿ ಸುಣ್ಣ ಬಳಿಯುತ್ತಿದ್ದಳು.

"ಇಷ್ಟು ಬೇಗ ಯಾಕೆ?" ಎಂದಳು ಶಾಂತಕುಮಾರಿ.

"ಈ ತಿಂಗಳಲ್ಲೇ ಬಳೀಬೇಕು ಅಕ್ಕ. ತಡ ಆದ್ರೆ ಹುಳ ಮೊಟ್ಟೆ ಇಡ್ತದೆ, ಗೊತ್ತಿಲ್ವಾ?" ಹೆಂಗಸು ತಲೆಯೆತ್ತದೆ ಹೇಳಿದಳು. "ಸ್ವಲ್ಪ ಸರೀರಿ, ಸೀರೆಗೆ ಸುಣ್ಣ ಹಾರ್ತದೆ."

ಶಾಂತಕುಮಾರಿ ಪಕ್ಕಕ್ಕೆ ಸರಿದು ನಿಂತಳು. ಇಳಿಜಾರಿನುದ್ದಕ್ಕೂ ಕಾಂಡಗಳು ಒಂದೊಂದಾಗಿ ಬೆಳ್ಳಗಾಗುತ್ತಿದ್ದವು.