ಡ್ರೈವರ್ ಸೀಟಿನ ವಲ್ಲಿ

ಗಂಡ ಭೀಮರಾಯ ತೀರಿಕೊಂಡ ಮೇಲೆ ಮೊದಲ ಮಳೆಗಾಲ ಬಂತು. ವ್ಯಾನು ಎಂದಿನಂತೆ ಸೋರಿತು. ಮನುಷ್ಯ ಹೋದ, ಸೋರುವುದು ಹೋಗಲಿಲ್ಲ ಅಂದುಕೊಂಡಳು ಹಾಲವ್ವ. ಅಂದುಕೊಂಡಾಗಲೂ ಅವಳಿಗೆ ಏನೂ ಅನಿಸಲಿಲ್ಲ. ಶಿವರಾತ್ರಿಯ ಹಿಂದುಮುಂದೆ ಅವನನ್ನು ಮಣ್ಣು ಮಾಡಿ ಬಂದಾಗಿನಿಂದ ಹೀಗೇ. ರೊಟ್ಟಿ ಬಡಿಯುತ್ತಿದ್ದಳು, ನೀರು ತುಂಬುತ್ತಿದ್ದಳು, ಕರೆದರೆ ಓ ಅನ್ನುತ್ತಿದ್ದಳು. ಹಂಚು ತಾಕಿ ಬೆರಳು ಸುಟ್ಟದ್ದು ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತಿತ್ತು.

"ಒಮ್ಮೆ ಅತ್ತುಬಿಡ ಯವ್ವಾ, ಎದಿ ಹಗೂರಾಗತೈತಿ," ಎಂದು ಚಾಳಿನ ಹೆಂಗಸರು ಹೇಳಿ ಹೇಳಿ ಸೋತಿದ್ದರು.

ವ್ಯಾನು ಮುದಿ ವ್ಯಾನು. ಮಿಲಿಟರಿ ಹರಾಜಿನಲ್ಲಿ ಯಾರೋ ಹಿಡಿದು, ಯಾರ ಯಾರದೋ ಕೈ ದಾಟಿ ಭೀಮರಾಯನ ಬಾಗಿಲಿಗೆ ಬಂದದ್ದು. ಮುಲುಂಡಿನ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುವುದು ಅದರ ಕಸುಬು. ಮಳೆ ಹಿಡಿಯಿತೆಂದರೆ ಡ್ರೈವರ್ ಸೀಟಿನ ಮೇಲೆ ತೊಟಕ್ ತೊಟಕ್ ಹನಿ. ಬ್ರೇಕ್ ಹಾಕಿದರಂತೂ ಪಕ್ಕದಲ್ಲಿ ಕೂತ ಮಕ್ಕಳ ಮೇಲೆ ತಂಬಿಗೆ ಬಗ್ಗಿಸಿದ ಹಾಗೆ ನೀರು. ಭೀಮರಾಯ ಹೆಗಲ ಮೇಲಿನ ಟವೆಲ್ಲನ್ನು, ಅವರ ಕಡೆಯ ಮಾತಿನಲ್ಲಿ ವಲ್ಲಿಯನ್ನು, ತಲೆಗೆ ಹೊದ್ದುಕೊಂಡೇ ಗಾಡಿ ಓಡಿಸುತ್ತಿದ್ದ. ಸಂಜೆ ಆ ತೊಯ್ದ ವಲ್ಲಿಯನ್ನು ಹೆಂಡತಿಯ ಕೈಗಿಟ್ಟು, "ತೊಗೋ, ನಿನ್ನ ಸವತಿ ಇವತ್ತೂ ಅತ್ತಾಳ," ಅನ್ನುತ್ತಿದ್ದ. ಹಾಲವ್ವ ಬೈಯುತ್ತಲೇ ನಳದ ಹತ್ತಿರ ನಿಂತು ಅದನ್ನು ಹಿಂಡುತ್ತಿದ್ದಳು.

ಅವನೇನು ಸುಮ್ಮನೆ ಕೂತವನಲ್ಲ. ಅವರ ಊರು ವಿಜಾಪುರದ ಕಡೆ, ಮಣ್ಣಿನ ಮಾಳಿಗೆ ಮನೆಗಳ ಸೀಮೆ. ಮಾಳಿಗೆ ಸೋರಿದರೆ ಒಳಗೆ ಹನಿ ಬೀಳುವ ಜಾಗ ನೋಡಿಕೊಂಡು, ಮೇಲೆ ಹತ್ತಿ, ಅದೇ ನೇರಕ್ಕೆ ಒಂದು ಬುಟ್ಟಿ ಸವಳು ಮಣ್ಣು ಸುರಿದು ತುಳಿದರೆ ಮುಗಿಯಿತು. ಅಪ್ಪ ಮಾಡಿದ್ದು ಅದೇ, ಅಜ್ಜ ಮಾಡಿದ್ದೂ ಅದೇ. ಭೀಮರಾಯ ವ್ಯಾನಿಗೂ ಅದನ್ನೇ ಮಾಡಿದ. ಸೀಟಿನ ನೇರಕ್ಕೆ ತಗಡಿನ ಮೇಲೆ ಗೋಣಿತಟ್ಟು ಹಾಸಿ ಡಾಂಬರು ಬಡಿದ. ವರ್ಷಕ್ಕೊಂದು ಪದರು. ವ್ಯಾನಿನ ನೆತ್ತಿಯ ಮೇಲೆ ಎಮ್ಮೆ ಸೆಗಣಿ ಹಾಕಿದ ಹಾಗೆ ಅದು ದಪ್ಪವಾಗುತ್ತ ಹೋಯಿತೇ ಹೊರತು ಹನಿ ನಿಲ್ಲಲಿಲ್ಲ.

ಈಗ ಗಾಡಿ ಓಡಿಸುವವನು ಮೈದುನ ನಿಂಗಣ್ಣ. ಅಂಧೇರಿಯಲ್ಲಿ ಯಾರದೋ ಟೆಂಪೋ ಓಡಿಸುತ್ತಿದ್ದವನು ಅಣ್ಣನ ಕೆಲಸ ಕೆಡಬಾರದೆಂದು ಬಂದಿದ್ದ. ಶಾಲೆ ಶುರುವಾಗಿ ಮಳೆ ಜೋರಾದ ವಾರ, ಮುಂದಿನ ಸೀಟಿನಲ್ಲಿ ಕೂರುವ ಹುಡುಗಿಯ ತಾಯಿ ವಾರಿಜಾ ಮನೆಗೇ ಬಂದಳು. ಮಂಗಳೂರು ಕಡೆಯವಳು, ಮೆತ್ತಗಿನ ಮಾತು.

"ನೀವು ಬೇಜಾರು ಮಾಡ್ಬೇಡಿ ಹಾಲವ್ವ. ಮಗು ದಿನಾ ನೀರು ಬಿದ್ದು ಚಂಡಿಯಾಗಿ ಶಾಲೆಗೆ ಹೋಗುದು, ಮೊನ್ನೆ ಜ್ವರವೂ ಬಂತು. ನಾವು ತಾಯಂದಿರೆಲ್ಲ ಮಾತಾಡಿಕೊಂಡಿದ್ದೇವೆ. ಸೋಮವಾರವೂ ನೀರು ಬಿದ್ದರೆ ಬೇರೆ ಗಾಡಿ ನೋಡ್ತೇವೆ."

ಅವಳು ಹೋದ ಮೇಲೆ ನಿಂಗಣ್ಣ ತಲೆ ಕೆರೆದುಕೊಂಡ. "ಮಕ್ಕಳು ಬಿಟ್ರ ಮುಗೀತ್ರಿ ವೈನಿ. ಗಾಡಿ ಗುಜರಿಗೆ, ಕುರ್ಲಾದ ಭಂಗಾರದಾಂವಗ, ನೀವು ಊರಿಗೆ, ನಿಮ್ಮಣ್ಣನ ಮನೀಗೆ. ಬ್ಯಾರೆ ದಾರಿ ಎಲ್ಲೈತಿ?"

"ಹೂಂ," ಅಂದಳು ಹಾಲವ್ವ.

ಅಣ್ಣನ ಮನೆಯೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಅತ್ತಿಗೆಯ ಅಡುಗೆಮನೆಯಲ್ಲಿ ಚೀಲಗಳ ನಡುವೆ ಹಾಸಿಗೆ, ಉಂಡರೂ ಒಂದು ಮಾತು, ಬಿಟ್ಟರೂ ಒಂದು ಮಾತು. ಗೊತ್ತಿದ್ದ ಆ ಸಂಗತಿ, ನಿಲ್ಲದ ಫಾಸ್ಟ್ ಲೋಕಲ್ಲು ಸ್ಟೇಷನ್ ದಾಟಿದ ಹಾಗೆ, ಅವಳೊಳಗೆ ಹಾದು ಹೋಯಿತು.

ರವಿವಾರ ಮಳೆ ಹೊಳವು ಕೊಟ್ಟಿತು. ಕೆಳಗೆ ಅಂಗಳದಲ್ಲಿ ವ್ಯಾನಿನ ಪಕ್ಕ ನಿಂಗಣ್ಣ ಡಾಂಬರು ಕಾಯಿಸಲು ಕುಳಿತ. ಮೇಲೆ ಗ್ಯಾಲರಿಯಲ್ಲಿ ಹಾಲವ್ವ ಒಗೆದ ಸೀರೆಯನ್ನು ತಂತಿಗೆ ಹರವಿದಳು. ಪಕ್ಕದ ಖೋಲಿಯ ನೀಲಾಬಾಯಿ ಹೊರಬಂದು ಸೊಂಟದ ಮೇಲೆ ಕೈ ಇಟ್ಟಳು.

"ಏ ಹಾಲವ್ವಾ, ಸೀರಿ ನಿನ್ನ ಬಾಗಿಲ ಮುಂದ, ನೀರು ನನ್ನ ಹೊಸ್ತಿಲದಾಗ! ನಿಮ್ಮ ಮನಿ ನೀರಿಗೂ ನನ್ನ ಮನೀನ ಬೇಕೇನ?"

ಇದು ವರ್ಷಗಳ ಜಗಳ. ತಂತಿ ಜೋತುಬಿದ್ದದ್ದು ನೀಲಾಬಾಯಿಯ ಬಾಗಿಲ ಮುಂದೆ. ಸೀರೆಯಿಂದ ಇಳಿದ ಹನಿ ತಂತಿಯ ಹೊಟ್ಟೆ ಹಿಡಿದು ಜಾರುತ್ತ ಜಾರುತ್ತ ಹೋಗಿ, ಜೋತುಬಿದ್ದಲ್ಲಿ ತೊಟಕ್ಕನೆ ಬೀಳುತ್ತಿತ್ತು. ಹಾಲವ್ವ ಅದನ್ನೇ ನೋಡುತ್ತ ನಿಂತಳು. ಇನ್ನೊಂದು ಹನಿ ಹೊರಟಿತು. ಅದೂ ಅಲ್ಲಿಗೇ ಹೋಗಿ ಬಿತ್ತು.

ಅವಳು ನಿಂತ ನಿಲುವಿಗೆ ನೀಲಾಬಾಯಿಯೇ ಗಾಬರಿಯಾದಳು. "ನಗಚಾಟಿಗಿ ಅಂದೆ ಯವ್ವಾ, ಸಿಟ್ಟಾಗಬ್ಯಾಡ."

ಹಾಲವ್ವ ಕೆಳಗಿಳಿದು ಹೋದಳು. "ನಿಂಗಣ್ಣಾ, ಡಾಂಬರ ಇಳಸು. ಹನಿ ಬೀಳೂದು ಒಂದ್ ಕಡೆ, ನೀರು ಒಳಗ ಬರೂದು ಇನ್ನೊಂದ್ ಕಡೆ ಇದ್ದಂಗೈತಿ. ಇದು ಮಾಳಿಗಿ ಅಲ್ಲ."

"ಅಂದ್ರ ಅಣ್ಣ ಇಷ್ಟು ವರ್ಷ...?"

"ಒಂದು ಕೊಡ ನೀರು ತಾ."

ವ್ಯಾನಿನ ಒಳಮೈಗೆ ರೆಕ್ಸಿನ್ ಹೊಲಿದಿದ್ದವಳು ಅವಳೇ. ಅವಳೇ ಹೊಲಿಗೆ ಬಿಚ್ಚಿದಳು. ಒಳಗೆ ಬರಿಯ ತಗಡು. ಅದಕ್ಕೆ ಹಿಂದಿನಿಂದ ಮುಂದಿನವರೆಗೆ ಉದ್ದಕ್ಕೂ ಕಬ್ಬಿಣದ ಪಟ್ಟಿ. ಅರಿವೆಯಿಂದ ಒರೆಸಿ ಒಣಗಿಸಿ, ಇದ್ದಿಲ ಒಲೆಯ, ಸಿಗಡಿಯ, ಬೂದಿಯನ್ನು ಸೋಸಿ ತಂದು ಎಲ್ಲ ಕಡೆ ತಟ್ಟಿದಳು. ನೀರು ಹಾಯ್ದರೆ ಬೂದಿ ಕಪ್ಪಾಗದೆ ಇರುವುದಿಲ್ಲ. ಆಮೇಲೆ ಡ್ರೈವರ್ ಸೀಟಿನಲ್ಲಿ ಕೂತು ಮೇಲೆ ನೋಡಿದಳು. ಆ ಸೀಟಿನಲ್ಲಿ ಅವಳು ಎಂದೂ ಕೂತಿರಲಿಲ್ಲ. ಅವನ ಭಾರಕ್ಕೆ ತಗ್ಗಾದ ಸೀಟು.

"ಮೊದ್ಲ ಕೆಳಗ ಹಾಕು, ಗಾಜಿನ ರಬ್ಬರಿಗೆ. ಆಮ್ಯಾಲ ಒಂದೊಂದ ಜಾಗಾ ಮ್ಯಾಲ ಬಾ. ಒಮ್ಮೆಲೇ ಸುರದ್ರ ಎಲ್ಲಿಂದ ಬಂತಂತ ಹೆಂಗ ತಿಳೀತೈತಿ?"

ನಿಂಗಣ್ಣ ಸ್ಟೂಲಿನ ಮೇಲೆ ನಿಂತು ತಂಬಿಗೆ ತಂಬಿಗೆ ಹಾಕಿದ. ಗಾಜಿನ ಅಂಚಿನಲ್ಲಿ ಬೂದಿ ಬೆಳ್ಳಗೇ ಇತ್ತು. ಡಾಂಬರಿನ ಮೇಲೆ ಕೊಡವನ್ನೇ ಬಗ್ಗಿಸಿದ. ಅಲ್ಲಿಯೂ ಬೆಳ್ಳಗೆ.

"ಅಣ್ಣ ಬಡದಿದ್ದು ಒಂದ್ ಹನಿ ಬಿಟ್ಟಿಲ್ರೀ ವೈನಿ," ಎಂದ ಮೇಲಿಂದ. ಅಂಗೈಯಿಂದ ಆ ಡಾಂಬರನ್ನೊಮ್ಮೆ ತಟ್ಟಿದ.

"ಹಿಂದ ಹೋಗು," ಅಂದಳು.

ಹಿಂದೆ ವ್ಯಾನಿನ ನೆತ್ತಿಯ ಮೇಲೆ ಇದ್ದದ್ದು ಮಕ್ಕಳ ಪಾಟಿಚೀಲ ಇಡಲೆಂದು ಭೀಮರಾಯನೇ ಕೂಡಿಸಿದ್ದ ಕ್ಯಾರಿಯರ್. ತಗಡಿಗೆ ತೂತು ಹೊಡೆದು ನಾಲ್ಕು ಮೂಲೆಗೆ ಬೋಲ್ಟು ಹಾಕಿದ್ದ. ಕೊನೆಯ ಮೂಲೆಯ ಬೋಲ್ಟಿಗೆ ನೀರು ಬಿದ್ದದ್ದೇ ತಡ, ಬೂದಿಯಲ್ಲಿ ಒಂದು ಕಪ್ಪು ಚುಕ್ಕಿ ಎದ್ದಿತು. ಚುಕ್ಕಿ ಗೆರೆಯಾಯಿತು. ಅಂಗಳ ಇಳಿಜಾರು, ವ್ಯಾನಿನ ಮೂತಿ ಇಳಿಮುಖವಾಗಿತ್ತು. ಗೆರೆ ಪಟ್ಟಿಯ ಗುಂಟ ಇರುವೆಯ ಸಾಲಿನಂತೆ ಮುಂದೆ ಮುಂದೆ ಬಂತು, ಅವಳ ನೆತ್ತಿಯ ಮೇಲೆ ಬಂದು ನಿಂತಿತು, ತುಂಬಿಕೊಂಡಿತು, ಹಣೆಯ ಮೇಲೆ ಬಿತ್ತು.

ಹಾಲವ್ವ ಒರೆಸಿಕೊಳ್ಳಲಿಲ್ಲ. "ಅಲ್ಲೇ ಐತಿ," ಅಂದಳು.

ಬೋಲ್ಟು ಬಿಚ್ಚಿದರೆ ಅದರ ಕೆಳಗಿನ ರಬ್ಬರು ಬಿಸಿಲಿಗೆ ಸುಟ್ಟು ಕರಕಲು ರೊಟ್ಟಿಯಂತೆ ಉದುರಿತು. ನಿಂಗಣ್ಣ ತುಕ್ಕು ತಿಕ್ಕಿ ತೆಗೆದ. ಹಳೆ ಟ್ಯೂಬು ಕತ್ತರಿಸಿ ತಗಡಿನ ಮೇಲೊಂದು ಕೆಳಗೊಂದು ಬಿಲ್ಲೆ ಇಟ್ಟ. ನಳ ಜೋಡಿಸುವವರು ಹಚ್ಚುವ ಬಿಳಿ ಸಫೇದಾವನ್ನು ಸೆಣಬಿನ ಎಳೆಗೆ ಬಳಿದು ಬೋಲ್ಟಿಗೆ ಸುತ್ತಿ ಬಿಗಿದ. ಉಳಿದ ಮೂರಕ್ಕೂ ಹಾಗೇ ಮಾಡಿಸಿದಳು ಹಾಲವ್ವ. ಮತ್ತೆ ನೀರು ಸುರಿದರು. ಬೂದಿ ಬೂದಿಯಾಗಿಯೇ ಉಳಿಯಿತು.

"ಈ ಡಾಂಬರ ಕೆರದು ತಗೀಲೇನ್ರಿ? ಸುಮ್ನ ಭಾರ."

"ಇರ್ಲಿ. ಅದು ಸೋರಾಕತ್ತಿಲ್ಲಲ್ಲ."

ಸೋಮವಾರ ಬೆಳಗಿನಿಂದ ಆಕಾಶ ಹರಿದು ಬಿದ್ದಂಥ ಮಳೆ. ಹಾಲವ್ವ ಎಂದಿನಂತೆ ವಲ್ಲಿಯನ್ನು ಡ್ರೈವರ್ ಸೀಟಿನ ಮೇಲೆ ಇಟ್ಟು ಬಂದಳು. ನಿಂಗಣ್ಣ ಅದನ್ನು ಪಕ್ಕಕ್ಕೆ ಸರಿಸಿ ಕೂತ.

ಸಂಜೆ ಅವನು ಮೆಟ್ಟಿಲು ಹತ್ತಿ ಬರುವಾಗಲೇ ಕೂಗಿದ. "ವೈನೀ! ವಾರಿಜಾಬಾಯಾರು ಸೀಟಿಗೆ ಕೈ ಹಚ್ಚಿ ನೋಡಿದ್ರು, ಮಗಳ ತಲಿ ಮುಟ್ಟಿ ನೋಡಿದ್ರು. ನಾಳಿಂದ ತಮ್ಮ ಓಣ್ಯಾಗಿನ ಇನ್ನೊಬ್ಬ ಹುಡುಗನ್ನೂ ಕರ್ಕೊಂಡ್ ಹೋಗು ಅಂದ್ರು. ಭಂಗಾರದಾಂವ ಇನ್ನ ಬಾಯಾಗ ಬೆರಳ ಇಟ್ಕೊಂಡ್ ಕುಂಡರ್ಲಿ!" ಎಂದು ನಕ್ಕು ವಲ್ಲಿಯನ್ನು ಅವಳ ಕೈಗಿಟ್ಟ.

"ಚಲೋ ಆತು," ಅಂದಳು.

ವಲ್ಲಿ ಹಿಡಿದುಕೊಂಡು ನಳದ ಹತ್ತಿರ ಹೋದಳು. ಎರಡೂ ತುದಿ ಹಿಡಿದು ಹಿಂಡಿದಳು. ನೀರು ಬರಲಿಲ್ಲ. ಮಡಚಿ ಹಿಡಿದು ಇನ್ನಷ್ಟು ಬಲ ಹಾಕಿ ಹಿಂಡಿದಳು.

ಕೊಡ ಹಿಡಿದು ಸರದಿಗೆ ನಿಂತಿದ್ದ ನೀಲಾಬಾಯಿ ನೋಡಿದಳು. "ಏ ಹುಚ್ಚೀ, ಒಣಾ ಐತಲ್ಲ ಅದು. ಏನ್ ಹಿಂಡತಿ?"

"ಹೌದು," ಅಂದಳು ಹಾಲವ್ವ. "ಒಣಾ ಐತಿ."

ಆದರೂ ಕೈ ಬಿಡಲಿಲ್ಲ. ಒಣ ಬಟ್ಟೆಯ ಬಿಗಿತಕ್ಕೆ, ಬೆಳಿಗ್ಗೆ ಹಂಚು ತಾಕಿ ಎದ್ದಿದ್ದ ಬೆರಳಿನ ಬೊಬ್ಬೆ ಒಡೆಯಿತು. ಚುರ್ರೆಂದು ಉರಿಯಿತು. ಉರಿದದ್ದು ಅವಳಿಗೆ ಆ ಕ್ಷಣಕ್ಕೇ ಗೊತ್ತಾಯಿತು.

ನೀಲಾಬಾಯಿ ತನ್ನ ಕೊಡ ಕೆಳಗಿಟ್ಟು, ನಳ ತಿರುಗಿಸಿ, ಅವಳ ಕೈಯನ್ನು ನೀರಿನ ಕೆಳಗೆ ಹಿಡಿದಳು.